ಹನಿ ನೀರಿನೊಳಗಣ ಯಂತ್ರಗಳೂ ನಮ್ಮ ಹೆಣ್ಣುಮಕ್ಕಳೂ

ಈ ಶಾಲೆಯಲ್ಲಿ ಓದಿ ಹೋದ ನಮ್ಮ ಸೋದರಿಯರಲ್ಲಿ ಹೈಡ್ರಿಲ್ಲಾ ಎಂಬ ನೀರುಗಿಡವನ್ನು ಮರೆತವರು ವಿರಳವೆಂದು ನಂಬುತ್ತೇವೆ. ಗಾಜಿನ ಪಾತ್ರೆಯಲ್ಲಿ ನೀರು ತುಂಬಿ, ಆ ಗಿಡದ ಎಳೆಗಳ ಮೇಲೆ ಆಲಿಕೆಯನ್ನು ಬೋರಲಿಟ್ಟು, ಆಲಿಕೆಯ ಕೊಳವೆಗೆ ಪ್ರನಾಳವನ್ನು ಕವಿಚಿ, ಬಿಸಿಲಿನಲ್ಲಿರಿಸಿ, ಗುಳ್ಳೆಗಳು ಒಂದೊಂದಾಗಿ ಮೇಲೇಳುವುದನ್ನು ಎಣಿಸಿದ ದಿನವು ಅವರ ನೆನಪಿನಲ್ಲಿರಲೇಬೇಕು. ಆ ಪ್ರಯೋಗದ ಚಿತ್ರವನ್ನು ಬರೆದು, ಭಾಗಗಳನ್ನು ಹೆಸರಿಸಿ, ಪರೀಕ್ಷೆಯಲ್ಲಿ ಅಂಕಗಳನ್ನು ಪಡೆದು, ನಮ್ಮಲ್ಲಿ ಬಹುಮಂದಿ ಆ ಗಿಡವನ್ನು ಅಲ್ಲಿಯೇ ಬಿಟ್ಟು ಬಂದೆವು.

ಆದರೆ ಅದೇ ಗಿಡದ ಒಂದು ಎಲೆಯನ್ನು ಕಿತ್ತು, ಗಾಜಿನ ತುಣುಕಿನ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಸಾಧಾರಣವಾದ ಶಾಲೆಯ ಸೂಕ್ಷ್ಮದರ್ಶಕದಿಂದ ನೋಡಿದವರಿಗೆ ಬೇರೊಂದು ನೋಟವು ಕಾಣುವುದು. ದೀಪದ ಬೆಚ್ಚಗಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ತಾಳ್ಮೆಯಿಂದ ಕಾದರೆ, ನಡುನರದ ಬಳಿಯ ಕೋಶಗಳಲ್ಲಿ ಹಸಿರು ಕಣಗಳು ಗೋಡೆಯ ಪಕ್ಕದಲ್ಲಿಯೇ ಸಾಲಾಗಿ, ಒಂದರ ಹಿಂದೊಂದು, ಪ್ರದಕ್ಷಿಣೆ ಮಾಡುವವರಂತೆ ಸುತ್ತತೊಡಗುತ್ತವೆ. ಗಿಡವು ನಿಂತಲ್ಲಿಯೇ ನಿಂತಿದೆ, ಗಾಳಿಯಿಲ್ಲ, ಅಲೆಯಿಲ್ಲ. ಹಾಗಾದರೆ ಇವುಗಳನ್ನು ಓಡಿಸುವವರಾರು? ಈ ಪ್ರಶ್ನೆಯೂ, ಇಂಥ ಪ್ರಶ್ನೆಯನ್ನು ಕೇಳುವ ಹುಡುಗಿಗೆ ನಾವು ಹಿರಿಯರಾದವರು ಕೊಡತಕ್ಕ ಉತ್ತರವೂ ಈ ಲೇಖನದ ವಿಷಯವಾಗಿವೆ.

ಹಸಿರು ಕಣಗಳು ತಾವಾಗಿ ಓಡುವುದಿಲ್ಲ. ಕೋಶದೊಳಗಣ ಜೀವರಸವು ಹರಿಯುವುದರಿಂದ ಅವೂ ಅದರೊಡನೆ ಸಾಗುತ್ತವೆ. ಜೀವರಸವನ್ನು ಹರಿಸುವುದು ಮಯೋಸಿನ್ ಎಂಬ ಒಂದು ಬಗೆಯ ಪ್ರೋಟೀನಿನ ಕೆಲಸ. ಆಕ್ಟಿನ್ ಎಂಬ ಮತ್ತೊಂದು ಪ್ರೋಟೀನಿನ ನೂಲುಗಳು ಕೋಶದೊಳಗೆ ಹಾದಿಗಳಂತೆ ಹಾಸಿರುತ್ತವೆ. ಮಯೋಸಿನ್ನಿನ ಅಣುಗಳು ಆ ನೂಲುಗಳನ್ನು ಹಿಡಿದು, ಬಾಗಿ, ಬಿಟ್ಟು, ಮತ್ತೆ ಹಿಡಿದು ಮುನ್ನಡೆಯುತ್ತವೆ. ತಾವು ಹೊತ್ತ ಹೊರೆಯೊಡನೆ ಸುತ್ತಲಿನ ರಸವನ್ನೂ ಎಳೆಯುತ್ತವೆ. ಇಂಥ ಅಣುಗಳಿಗೆ ವಿಜ್ಞಾನಿಗಳು ಅಣುಮೋಟಾರುಗಳೆಂದು ಹೆಸರಿಟ್ಟಿದ್ದಾರೆ. ಈ ಪುಟವನ್ನು ತಿರುವುವ ನಮ್ಮ ವಾಚಕರ ಬೆರಳೂ, ಅವರ ಎದೆಯಲ್ಲಿ ಮಿಡಿಯುವ ಹೃದಯವೂ ಇದೇ ಮನೆತನದ ಮೋಟಾರುಗಳಿಂದಲೇ ಚಲಿಸುತ್ತವೆ. ಮಯೋಸಿನ್ನೇ ಎ.ಟಿ.ಪಿ. ಎಂಬ ಇಂಧನವನ್ನು ಸೀಳಿ ಶಕ್ತಿಯನ್ನು ಪಡೆಯುವುದೆಂದು 1939ರಲ್ಲಿ ರಷ್ಯಾದೇಶದ ಎಂಗೆಲ್‌ಹಾರ್ಟ್ ಎಂಬವರೂ ಲ್ಯುಬಿಮೋವಾ ಎಂಬ ಮಹಿಳೆಯೂ ಕೂಡಿ ತೋರಿಸಿದರು. ಮಾಂಸಖಂಡದಲ್ಲಿ ಈ ಎರಡು ಬಗೆಯ ನೂಲುಗಳು ಒಂದರ ನಡುವೆ ಒಂದು ಜಾರುವುದರಿಂದಲೇ ಖಂಡವು ಕುಗ್ಗುವುದೆಂದು 1954ರಲ್ಲಿ ಸಾರಿದವರಲ್ಲಿ ಜೀನ್ ಹ್ಯಾನ್ಸನ್ ಎಂಬ ಇಂಗ್ಲಿಷ್ ಮಹಿಳೆಯೂ ಒಬ್ಬರು.

ಮಯೋಸಿನ್ನಿನಂತೆಯೇ ಕೈನೆಸಿನ್ ಎಂಬ ಇನ್ನೊಂದು ಮೋಟಾರು ಉಂಟು. ಅದನ್ನು 1985ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದೊಡ್ಡ ನರದಲ್ಲಿ ವೇಲ್, ರೀಸ್, ಶೀಟ್ಸ್ ಎಂಬ ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದರು. ಇದರ ನಡಿಗೆಯನ್ನು ಮೈಸೂರಿನವರಿಗೆ ವಿವರಿಸುವುದು ಕಷ್ಟವಲ್ಲ. ವಿಜಯದಶಮಿಯ ದಿನ ಚಿನ್ನದ ಅಂಬಾರಿಯನ್ನು ಹೊತ್ತ ಆನೆಯು ಅರಮನೆಯಿಂದ ಬನ್ನಿಮಂಟಪದ ಕಡೆಗೆ ಅಡಿಯ ಮೇಲೆ ಅಡಿಯಿಟ್ಟು ಸಾಗುವುದನ್ನು ನಾವೆಲ್ಲರೂ ನೋಡಿದ್ದೇವಷ್ಟೆ. ಕೈನೆಸಿನ್ನೂ ಹಾಗೆಯೇ ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಹೊರೆಯನ್ನು ಹೊತ್ತು, ನರದೊಳಗೆ ಹಾಸಿರುವ ಹಾದಿಯ ಮೇಲೆ ಒಂದು ಪಾದವನ್ನು ಊರಿಕೊಂಡು ಮತ್ತೊಂದನ್ನು ಮುಂದಿಡುತ್ತದೆ. ಆದರೆ ಅದಕ್ಕಿರುವ ಪಾದಗಳು ಎರಡೇ. ಅದರ ಒಂದು ಹೆಜ್ಜೆಯ ಉದ್ದವು 8 ನ್ಯಾನೋಮೀಟರು. ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗೆ ನ್ಯಾನೋಮೀಟರೆಂದು ಹೆಸರು. ಹೆಜ್ಜೆಯೊಂದಕ್ಕೆ ಎ.ಟಿ.ಪಿ.ಯ ಒಂದು ಅಣುವು ವೆಚ್ಚವಾಗುತ್ತದೆ. ನಮ್ಮ ಬೆನ್ನುಹುರಿಯಿಂದ ಕಾಲಿನ ಬೆರಳಿನವರೆಗೆ ಸುಮಾರು ಒಂದು ಮೀಟರು ಉದ್ದದ ನರತಂತುಗಳಿವೆ. ಅವುಗಳ ತುದಿಗೆ ಬೇಕಾದ ಸಾಮಗ್ರಿಯು ಇಂಥ ಮೋಟಾರುಗಳ ಮೂಲಕ, ವೇಗವಾಗಿ ಸಾಗುವಾಗ, ದಿನಕ್ಕೆ 20ರಿಂದ 40 ಸೆಂಟಿಮೀಟರಿನಂತೆ ಹೋಗಿ ಮುಟ್ಟುತ್ತದೆ. ಈ ಸಾಗಣೆಯು ಕೆಟ್ಟರೆ ನರವು ಸೊರಗುತ್ತದೆ. ಕೈನೆಸಿನ್ನಿನ ಒಂದು ಬಗೆಯಲ್ಲಿ ಹುಟ್ಟಿನಿಂದ ಬಂದ ದೋಷವು ಕಾಲುಗಳನ್ನು ಬಿಗಿಯಾಗಿಸಿ ನಡಿಗೆಯನ್ನು ಕುಂದಿಸುವ ಕಾಯಿಲೆಗೆ ಕಾರಣವಾಗುವುದೆಂದು ವೈದ್ಯರು ತಿಳಿದಿದ್ದಾರೆ.

ಮೇಲೆ ಹೇಳಿದ ಎ.ಟಿ.ಪಿ. ಎಂಬ ಇಂಧನವನ್ನು ತಯಾರಿಸುವುದೂ ಒಂದು ಮೋಟಾರೇ ಎಂಬುದು ಇನ್ನೂ ಸೋಜಿಗದ ಸಂಗತಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರನ್ನು ಎತ್ತರದಿಂದ ಇಳಿಸಿ, ಚಕ್ರಗಳನ್ನು ತಿರುಗಿಸಿ, ಅಲ್ಲಿ ಹುಟ್ಟಿದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದ ವೃತ್ತಾಂತವನ್ನು ನಮ್ಮ ಹಿರಿಯರು ಅಭಿಮಾನದಿಂದ ಹೇಳುತ್ತಿದ್ದರು. ನಮ್ಮ ಕೋಶಗಳೊಳಗಿನ ಒಂದು ತೆಳುಪೊರೆಯಲ್ಲಿಯೂ ಇದಕ್ಕೆ ಹೋಲುವ ಕಾರ್ಯವೇ ನಡೆಯುತ್ತಿದೆ. ನಾವು ಉಂಡ ಅನ್ನದ ಶಕ್ತಿಯಿಂದ ಜಲಜನಕದ ವಿದ್ಯುತ್ಕಣಗಳು ಪೊರೆಯ ಒಂದು ಬದಿಯಲ್ಲಿ, ಅಣೆಕಟ್ಟಿನ ಹಿಂದೆ ನೀರು ನಿಲ್ಲುವಂತೆ, ಕೂಡಿ ನಿಲ್ಲುತ್ತವೆ. ಅವು ಮತ್ತೊಂದು ಬದಿಗೆ ಇಳಿಯುವ ದಾರಿಯಲ್ಲಿ ಒಂದು ಪುಟ್ಟ ಚಕ್ರವು ತಿರುಗುತ್ತದೆ. ಒಂದು ಸುತ್ತಿಗೆ ಮೂರು ಎ.ಟಿ.ಪಿ. ಅಣುಗಳು ಸಿದ್ಧವಾಗುತ್ತವೆ. ಇದರ ರೀತಿಯನ್ನು ವಿವರಿಸಿದ ಬಾಯರ್ ಮತ್ತು ವಾಕರ್ ಎಂಬವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಆ ಚಕ್ರದ ದಂಡಿಗೆ ಹೊಳೆಯುವ ಒಂದು ನೂಲನ್ನು ಅಂಟಿಸಿ, ಅದು ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಎ.ಟಿ.ಪಿ.ಯು ಮಾಂಸಖಂಡದಲ್ಲಿರುವುದನ್ನು 1929ರಲ್ಲಿ ಪ್ರಕಟಿಸಿದವರಲ್ಲಿ ಆಂಧ್ರದೇಶದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್‌ರವರು ಒಬ್ಬರೆಂಬುದು ನಮಗೆ ಸಂತೋಷದ ವಿಷಯ. ಒಂದು ದಿನದಲ್ಲಿ ನಮ್ಮ ದೇಹವು ತಯಾರಿಸಿ ವೆಚ್ಚಮಾಡುವ ಎ.ಟಿ.ಪಿ.ಯನ್ನೆಲ್ಲಾ ಕೂಡಿಸಿ ತೂಗುವುದಾದರೆ ಅದು ಸುಮಾರಾಗಿ ನಮ್ಮ ದೇಹದ ತೂಕದಷ್ಟಾಗುವುದೆಂದು ಲೆಕ್ಕ.

ಇಷ್ಟನ್ನು ಕೇಳಿದ ಮೇಲೆ ನಮ್ಮ ಜನರಲ್ಲಿ ಎರಡು ಬಗೆಯ ಮಾತುಗಳು ಹೊರಡುವುದುಂಟು. ಕೆಲವರು, “ಆಹಾ, ದೇವರ ಮಹಿಮೆ ಎಷ್ಟು ದೊಡ್ಡದು! ಮನುಷ್ಯನಿಗೆ ಇದು ತಿಳಿಯುವಂಥದಲ್ಲ” ಎಂದು ಕೈಜೋಡಿಸಿ ಪುಸ್ತಕವನ್ನು ಮುಚ್ಚಿಬಿಡುತ್ತಾರೆ. ಮತ್ತೆ ಕೆಲವರು, “ಇದೆಲ್ಲಾ ಸರಿಯೇ. ಆದರೆ ಇದರಿಂದ ನಮ್ಮ ಹುಡುಗಿಗೆ ಏನು ಪ್ರಯೋಜನ? ಪರೀಕ್ಷೆಗೆ ಬರುವುದೇ?” ಎಂದು ಕೇಳಿ ಪುಸ್ತಕವನ್ನು ಮುಚ್ಚಿಸಿಬಿಡುತ್ತಾರೆ. ಮೊದಲನೆಯದು ಭಕ್ತಿಯ ಮಾತಿನಂತೆಯೂ ಎರಡನೆಯದು ವಿವೇಕದ ಮಾತಿನಂತೆಯೂ ತೋರುತ್ತವೆ. ಇವೆರಡೂ ನಮ್ಮ ಹೆಣ್ಣುಮಕ್ಕಳಿಗೆ ಅಪಕಾರ ಮಾಡುತ್ತವೆಂಬುದೇ ನಮ್ಮ ಅಭಿಪ್ರಾಯ.

ಮೊದಲನೆಯ ಮಾತನ್ನು ಕುರಿತು ಕ್ರೈಸ್ತ ಶಾಲೆಯ ಸಂಚಿಕೆಯಲ್ಲಿ ಮರೆಮಾಚದೆ ಬರೆಯುವುದು ಉಚಿತವೆಂದು ತಿಳಿಯುತ್ತೇವೆ. ಕೆಲವು ಬ್ಯಾಕ್ಟೀರಿಯಗಳಿಗೆ ಎಳೆಯಂಥ ಬಾಲವಿರುವುದು. ಆ ಬಾಲದ ಬುಡದಲ್ಲಿ ಸೆಕೆಂಡಿಗೆ ನೂರು ಸುತ್ತಿಗಿಂತಲೂ ಹೆಚ್ಚಾಗಿ ತಿರುಗಬಲ್ಲ ಮೋಟಾರು ಇರುವುದು. ಅದು ನಿಜವಾಗಿ ತಿರುಗುವುದೆಂಬುದನ್ನು 1974ರಲ್ಲಿ ಬ್ಯಾಕ್ಟೀರಿಯದ ಬಾಲವನ್ನು ಗಾಜಿಗೆ ಅಂಟಿಸಿ, ಮೈಯೇ ಗಿರಗಿರನೆ ಸುತ್ತುವುದನ್ನು ನೋಡಿ ಸ್ಥಾಪಿಸಿದರು. ಈ ಮೋಟಾರನ್ನು ತೋರಿಸಿ, “ಇದರ ಒಂದು ಭಾಗವನ್ನು ತೆಗೆದರೂ ಇದು ಕೆಲಸಕ್ಕೆ ಬಾರದು; ಆದುದರಿಂದ ಇದು ಮೆಲ್ಲಮೆಲ್ಲನೆ ಬೆಳೆದು ಬಂದುದಲ್ಲ, ವಿಜ್ಞಾನವು ಇಲ್ಲಿಗೆ ನಿಂತಿತು” ಎಂದು ವಾದಿಸುವವರು ಅಮೆರಿಕದಲ್ಲಿ ಹೊರಟರು; 1996ರಿಂದೀಚೆಗೆ ಆ ವಾದವು ನಮ್ಮ ಸಭೆಗಳ ಉಪದೇಶಗಳಲ್ಲಿಯೂ ಆಗಾಗ ಕೇಳಿಬರುತ್ತಿದೆ. ಹೇಳುವವರ ಸದುದ್ದೇಶವನ್ನು ನಾವು ಸಂದೇಹಿಸುವುದಿಲ್ಲ. ಆದರೆ ವಿಜ್ಞಾನವು ಅಲ್ಲಿಗೆ ನಿಲ್ಲಲಿಲ್ಲ. ಕೆಲವು ರೋಗಾಣುಗಳು ನಮ್ಮ ಕೋಶಗಳಿಗೆ ವಿಷವನ್ನು ಚುಚ್ಚುವ ಸೂಜಿಯಂಥ ಸಾಧನದ ಭಾಗಗಳಿಗೂ ಈ ಮೋಟಾರಿನ ಹಲವು ಭಾಗಗಳಿಗೂ ರಕ್ತಸಂಬಂಧವುಂಟೆಂದು, ಅಂದರೆ ಇದರ ಕೆಲವು ಭಾಗಗಳು ಬೇರೊಂದು ಕೆಲಸಕ್ಕೂ ಒದಗಬಲ್ಲುವೆಂದು, ತಿಳಿದುಬಂದಿದೆ. ಮೋಟಾರಿನಲ್ಲಿ ಕದಲದೆ ನಿಲ್ಲುವುದೆಂದು ತಿಳಿದಿದ್ದ ಭಾಗವೇ ತನ್ನೊಳಗೆ ತಿರುಗುವ ಒಂದು ಚಿಕ್ಕ ಯಂತ್ರವಾಗಿರಬೇಕೆಂದು 2020ರಲ್ಲಿ ಪ್ರಕಟವಾದ ಸೂಕ್ಷ್ಮಚಿತ್ರಗಳು ಸೂಚಿಸಿದವು.

ತಿಳಿಯದ ಎಡೆಯಲ್ಲಿ ಮಾತ್ರ ದೇವರನ್ನು ಕೂರಿಸುವವರು, ಆ ಎಡೆಯು ತಿಳಿದೊಡನೆ ದೇವರನ್ನು ಎಬ್ಬಿಸಿ ಬೇರೆಡೆಗೆ ಕಳುಹಿಸಬೇಕಾಗುವುದು. ಇದು ವಿಶ್ವಾಸಕ್ಕೆ ಗೌರವವಲ್ಲ. ಕೇಂಬ್ರಿಜ್ ನಗರದಲ್ಲಿ 1874ರಲ್ಲಿ ತೆರೆದ ಕ್ಯಾವೆಂಡಿಷ್ ಪ್ರಯೋಗಶಾಲೆಯ ಬಾಗಿಲಿನ ಮೇಲೆ 111ನೆಯ ಕೀರ್ತನೆಯ ಎರಡನೆಯ ವಚನವನ್ನು ಕೆತ್ತಿಸಿದ್ದಾರೆ. ದೇವರ ಕೃತಿಗಳಲ್ಲಿ ಆನಂದಪಡುವವರು ಅವುಗಳನ್ನು ಶೋಧಿಸಿ ನೋಡುವರೆಂಬುದು ಅದರ ತಾತ್ಪರ್ಯ. ಕೈಜೋಡಿಸುವುದು ಬೇಡವೆಂದು ನಾವು ಹೇಳುವುದಿಲ್ಲ. ಜೋಡಿಸಿದ ಕೈಗಳನ್ನು ಬಿಡಿಸಿ ಸೂಕ್ಷ್ಮದರ್ಶಕದ ತಿರುಪನ್ನು ಹಿಡಿಯುವುದೂ ಆ ಭಕ್ತಿಯ ಮುಂದಿನ ಹೆಜ್ಜೆಯೇ ಎನ್ನುತ್ತೇವೆ. “ಹೇಗೆ?” ಎಂದು ಕೇಳಿದ ಬಾಲಿಕೆಗೆ “ಹಾಗೆಲ್ಲಾ ಕೇಳಬಾರದು” ಎಂದು ಹೇಳುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ.

ಇನ್ನು ಪ್ರಯೋಜನದ ಮಾತು. ಕೆರೆಯ ನೀರಿನಲ್ಲಿ ಬೆಳೆಯುವ ಕಾರಾ ಎಂಬ ಪಾಚಿಜಾತಿಯ ಸಸ್ಯದೊಳಗೆ ಜೀವರಸವು ಹರಿಯುವುದನ್ನು 1774ರಲ್ಲಿ ಇಟಲಿಯ ಕೋರ್ಟಿ ಎಂಬ ಪಾದ್ರಿಯು ಮೊದಲು ವರ್ಣಿಸಿದನು. ಅದರಿಂದ ಆಗ ಯಾರಿಗೂ ಕಾಸಿನ ಲಾಭವಾಗಲಿಲ್ಲ. ಇನ್ನೂರು ವರ್ಷಗಳು ಕಳೆದು, 1983ರಲ್ಲಿ, ಶೀಟ್ಸ್ ಮತ್ತು ಸ್ಪುಡಿಚ್ ಎಂಬ ಇಬ್ಬರು ಅದೇ ಕುಲದ ನಿಟೆಲ್ಲಾ ಎಂಬ ಸಸ್ಯದ ಕೋಶವನ್ನು ಸೀಳಿ ತೆರೆದು, ಅದರೊಳಗಣ ಆಕ್ಟಿನ್ ಹಾದಿಗಳ ಮೇಲೆ ಪ್ರಾಣಿಯ ಮಾಂಸಖಂಡದಿಂದ ತೆಗೆದ ಮಯೋಸಿನ್ನನ್ನು ಲೇಪಿಸಿದ ಸಣ್ಣ ಮಣಿಗಳನ್ನು ಇಟ್ಟರು. ಆ ಮಣಿಗಳು ತಾವಾಗಿ ಒಂದೇ ದಿಕ್ಕಿಗೆ ಸಾಗತೊಡಗಿದವು. ಪ್ರಾಣಿಯ ಮೋಟಾರು ಪಾಚಿಯ ಹಾದಿಯಲ್ಲಿ ನಡೆಯಿತು! ಮಯೋಸಿನ್ನಿನ ಚಲನೆಯನ್ನು ಜೀವಿಯ ಹೊರಗೆ ಇಟ್ಟು ಅಳೆಯುವ ವಿದ್ಯೆಯು ಅಲ್ಲಿಂದ ಬಲವಾಯಿತು.

ಆ ವಿದ್ಯೆಯನ್ನು ಹೃದಯದ ಮಯೋಸಿನ್ನಿಗೆ ಅನ್ವಯಿಸಿದಾಗ ಫಲವು ಕಂಡಿತು. ಹೃದಯದ ಗೋಡೆಯು ಕಾರಣವಿಲ್ಲದೆ ದಪ್ಪವಾಗುವ ಒಂದು ಕಾಯಿಲೆಯುಂಟು. ವಂಶದಲ್ಲಿ ಹರಿದುಬರುವ ಈ ಕಾಯಿಲೆಯು ಕೆಲವೊಮ್ಮೆ ಆಟದ ಬಯಲಿನಲ್ಲಿ ಓಡುತ್ತಿರುವ ತರುಣರನ್ನೇ ಹಠಾತ್ತಾಗಿ ಕೆಡಹುವುದು. ಹೃದಯದ ಮೋಟಾರುಗಳು ಮಿತಿಮೀರಿ ದುಡಿಯುವುದು ಇದಕ್ಕೆ ಒಂದು ಮುಖ್ಯ ಕಾರಣವೆಂದು ತಿಳಿದು, ಅವುಗಳನ್ನು ಹದಕ್ಕೆ ತರುವ ಮವಕಾಮ್ಟೆನ್ ಎಂಬ ಔಷಧಿಯನ್ನು ನಿರ್ಮಿಸಿದರು. ಕಾಯಿಲೆಯ ಒಂದು ಬಗೆಗೆ ಅದನ್ನು ಬಳಸಲು 2022ರಲ್ಲಿ ಅಮೆರಿಕದ ಸರಕಾರವು ಒಪ್ಪಿತು. ಈ ಸಂಗತಿಯು ನಮಗೆ ದೂರದ್ದೆಂದು ಯಾರೂ ತಿಳಿಯಬಾರದು. ಹೃದಯದ ಮಯೋಸಿನ್ನನ್ನು ಹಿಡಿತದಲ್ಲಿಡುವ ಒಂದು ಪ್ರೋಟೀನಿನ ಬರಹದಲ್ಲಿ 25 ಅಕ್ಷರಗಳಷ್ಟು ಲೋಪವಿರುವುದು ನಮ್ಮ ದೇಶದಲ್ಲಿಯೂ ನೆರೆಯ ದೇಶಗಳಲ್ಲಿಯೂ ನೂರಕ್ಕೆ ಸುಮಾರು ನಾಲ್ಕು ಮಂದಿಯಲ್ಲಿ ಕಂಡುಬರುವುದೆಂದೂ, ಅದು ಹೃದಯದ ದೌರ್ಬಲ್ಯಕ್ಕೆ ಸಂಬಂಧಪಟ್ಟದ್ದೆಂದೂ 2009ರಲ್ಲಿ ಪ್ರಕಟವಾಯಿತು. ಲೋಪವುಳ್ಳವರೆಲ್ಲರೂ ಕಾಯಿಲೆ ಬೀಳುವರೆಂದಲ್ಲ. ಆದರೂ ನಮ್ಮ ಜನರ ಹೃದಯಗಳ ಮರ್ಮವನ್ನು ನಮ್ಮ ಮಕ್ಕಳಲ್ಲದೆ ಇನ್ನಾರು ಆಸ್ಥೆಯಿಂದ ಶೋಧಿಸುವರು? ಕೋರ್ಟಿಯ ಪಾಚಿಯಿಂದ ಈ ಮಾತ್ರೆಯ ವರೆಗಿನ ದಾರಿಯು ಸುಮಾರು ಎರಡೂವರೆ ಶತಮಾನಗಳಷ್ಟು ಉದ್ದವಾಗಿದೆ. ಆ ದಾರಿಯಲ್ಲಿ ಯಾರಾದರೊಬ್ಬರು “ಪರೀಕ್ಷೆಗೆ ಬರುವುದೇ?” ಎಂದು ಕೇಳಿ ನಿಂತಿದ್ದರೆ ಅದು ಅಲ್ಲಿಯೇ ಕಡಿದುಹೋಗುತ್ತಿತ್ತು.

ನೋಡಿ ತಿಳಿಯುವುದರ ಜೊತೆಗೆ ಮಾಡಿ ತಿಳಿಯುವುದೂ ಉಂಟು. ನಮ್ಮ ಮನೆಗಳಲ್ಲಿ ಅಡುಗೆಯನ್ನು ಬಲ್ಲವಳೆಂದರೆ ಊಟಮಾಡಿದವಳಲ್ಲ, ಮಾಡಿ ಬಡಿಸಿದವಳು. ಹಾಗೆಯೇ ರಸಾಯನಶಾಸ್ತ್ರಜ್ಞರು ಅಣುಮೋಟಾರುಗಳನ್ನು ತಾವೇ ಕಟ್ಟಲು ಯತ್ನಿಸಿದ್ದಾರೆ. 1983ರಲ್ಲಿ ಫ್ರಾನ್ಸಿನ ಸೋವಾಜ್ ಎಂಬವರು ಸರಪಣಿಯ ಕೊಂಡಿಗಳಂತೆ ಎರಡು ಅಣುಬಳೆಗಳನ್ನು ಒಂದರೊಳಗೊಂದು ಸೇರಿಸುವ ಸುಲಭೋಪಾಯವನ್ನು ಕಂಡರು. 1991ರಲ್ಲಿ ಸ್ಟಾಡರ್ಟ್ ಎಂಬವರು ಒಂದು ಅಣುದಂಡಕ್ಕೆ ಉಂಗುರವನ್ನು ತೊಡಿಸಿ, ಅದು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಸರಿಯುವಂತೆ ಮಾಡಿದರು. 1999ರಲ್ಲಿ ಹಾಲೆಂಡಿನ ಫೆರಿಂಗಾ ಎಂಬವರು ಬೆಳಕು ಬಿದ್ದಾಗ ಒಂದೇ ದಿಕ್ಕಿಗೆ ಸುತ್ತುವ ಅಣುವನ್ನು ನಿರ್ಮಿಸಿದರು. ಈ ಮೂವರಿಗೂ 2016ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಇದರಲ್ಲಿರುವ ಕಷ್ಟವನ್ನು ತಿಳಿದರೆ ನಮ್ಮ ಗರ್ವವು ತಾನಾಗಿಯೇ ಇಳಿಯುವುದು. ಅಷ್ಟು ಚಿಕ್ಕ ಲೋಕದಲ್ಲಿ ಸುತ್ತಲಿನ ನೀರಿನ ಅಣುಗಳು ಎಡೆಬಿಡದೆ ಎಲ್ಲಾ ಕಡೆಯಿಂದಲೂ ಬಡಿಯುತ್ತಿರುತ್ತವೆ. ಬಿರುಗಾಳಿಯಲ್ಲಿ ಸಿಕ್ಕಿದವನಂತೆ ಅಲ್ಲಿ ನೆಟ್ಟಗೆ ನಡೆಯುವುದೇ ಅಸಾಧ್ಯ. ಅಣುಮೋಟಾರು ಆ ಬಿರುಗಾಳಿಯನ್ನು ಎದುರಿಸುವುದಿಲ್ಲ. ಮುಂದಕ್ಕೆ ತಳ್ಳುವ ಬಡಿತವನ್ನು ಬಿಟ್ಟುಕೊಂಡು, ಹಿಂದಕ್ಕೆ ತಳ್ಳುವುದನ್ನು ತಡೆಯುತ್ತದೆ. ಗೋಡೆಯ ಗಡಿಯಾರಕ್ಕೆ ಕೀಲಿ ಕೊಡುವಾಗ ಹಲ್ಲಿನ ಚಕ್ರವು ಟಿಕ್ ಟಿಕ್ಕೆಂದು ಒಂದೇ ಕಡೆಗೆ ತಿರುಗುವುದನ್ನೂ, ಹಿಂದಕ್ಕೆ ಬಾರದಂತೆ ಒಂದು ಕೊಕ್ಕೆಯು ಅದನ್ನು ಹಿಡಿಯುವುದನ್ನೂ ಬಲ್ಲವರಿಗೆ ಇದು ಅರ್ಥವಾದೀತು. ಆ ಕೊಕ್ಕೆಯನ್ನು ಹಾಕಿ ತೆಗೆಯುವುದಕ್ಕೇ ಇಂಧನವು ಬೇಕು. ಇಂಧನವಿಲ್ಲದೆ ಬಿರುಗಾಳಿಯೊಂದರಿಂದಲೇ ಕೆಲಸವು ಸಾಗದು. ಮನುಷ್ಯನು ಕಟ್ಟಿದ ಅಣುಮೋಟಾರುಗಳು ಈ ಜಾಣ್ಮೆಯಲ್ಲಿ ಕೆರೆಯ ಪಾಚಿಯೊಳಗಣ ಮೋಟಾರುಗಳಿಗೆ ಇನ್ನೂ ಶಿಷ್ಯರ ಸ್ಥಾನದಲ್ಲಿಯೇ ಇವೆ. ಸೃಷ್ಟಿಯನ್ನು ಅನುಕರಿಸಹೊರಟವನಿಗೆ ಸೃಷ್ಟಿಯ ಹಿರಿಮೆಯು ಹೆಚ್ಚು ಚೆನ್ನಾಗಿ ತಿಳಿಯುವುದಾದುದರಿಂದ, ಈ ಯತ್ನವನ್ನು ದೇವರ ಮೇಲಣ ಪೈಪೋಟಿಯೆಂದು ಹಳಿಯುವವರ ಮಾತನ್ನು ನಾವು ಒಪ್ಪಲಾರೆವು.

ಇಂಥ ನಿರ್ಮಾಣವು ನಮ್ಮ ನಾಡಿನಲ್ಲಿಯೂ ನಡೆದಿದೆ. ಅದನ್ನು ಮುನ್ನಡೆಸಿದವರು ಒಬ್ಬ ಮಹಿಳೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಡಾಕ್ಟರ್ ಯಮುನಾ ಕೃಷ್ಣನ್‌ರವರೂ ಅವರ ಸಂಗಡಿಗರೂ 2009ರಲ್ಲಿ ಡಿ.ಎನ್.ಎ.ಯ ಎಳೆಗಳಿಂದಲೇ ಒಂದು ಪುಟ್ಟ ಯಂತ್ರವನ್ನು ಕಟ್ಟಿ ಜೀವಂತ ಕೋಶದೊಳಕ್ಕೆ ಕಳುಹಿಸಿದರು. ಅದು ನಡೆಯುವ ಮೋಟಾರಲ್ಲ. ಹುಳಿಯು ಹೆಚ್ಚಾದಲ್ಲಿ ಮಡಚಿಕೊಂಡು, ಕಡಮೆಯಾದಲ್ಲಿ ಬಿಚ್ಚಿಕೊಳ್ಳುವ ಚಿಮಟದಂಥದು. ಮಡಚಿದಾಗಲೂ ಬಿಚ್ಚಿದಾಗಲೂ ಅದಕ್ಕೆ ಅಂಟಿಸಿದ ಬಣ್ಣಗಳ ಹೊಳಪು ಬೇರೆಬೇರೆಯಾಗುವುದರಿಂದ ಕೋಶದ ಯಾವ ಮೂಲೆಯಲ್ಲಿ ಎಷ್ಟು ಹುಳಿಯಿದೆಯೆಂದು ಹೊರಗಿನಿಂದ ಓದಬಹುದು. ಆ ಹುಳಿಯನ್ನು ಉಂಟುಮಾಡುವುದೂ ಕೋಶದ ಸಹಜವಾದ ಒಂದು ತಿರುಗುವ ಮೋಟಾರೇ; ಎಂದರೆ, ಮನುಷ್ಯನು ಕಟ್ಟಿದ ಯಂತ್ರವು ಸೃಷ್ಟಿಯ ಯಂತ್ರದ ಕೆಲಸವನ್ನು ಅಳೆದಂತಾಯಿತು. ಬೆಂಗಳೂರಿನ ಅದೇ ಕೇಂದ್ರದಲ್ಲಿಯೂ ಅನಂತರ ಮುಂಬಯಿಯ ಟಾಟಾ ಸಂಶೋಧನಾಲಯದಲ್ಲಿಯೂ ಡಾಕ್ಟರ್ ಸಂಧ್ಯಾ ಕೌಶಿಕರವರು ಒಂದು ಬಗೆಯ ಸಣ್ಣ ಹುಳುವಿನ ನರಗಳಲ್ಲಿ ಕೈನೆಸಿನ್ನುಗಳು ಹೊರೆಯನ್ನು ಸಾಗಿಸುವ ರೀತಿಯನ್ನು ಶೋಧಿಸಿದ್ದಾರೆ.

ಯಮುನಾ ಕೃಷ್ಣನ್‌ರವರು ಮದರಾಸಿನ ಕ್ರೈಸ್ತ ಮಹಿಳಾ ಕಾಲೇಜಿನಲ್ಲಿ ಓದಿ 1993ರಲ್ಲಿ ಪದವಿಯನ್ನು ಪಡೆದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅವರಿಗೆ ಡಾಕ್ಟರೇಟ್ ದೊರೆತುದು 2002ರಲ್ಲಿ. ಮೇಲೆ ಹೇಳಿದ ಯಂತ್ರವು ಪ್ರಕಟವಾದುದು 2009ರಲ್ಲಿ. ಪದವಿಯಿಂದ ಅಲ್ಲಿಗೆ ಹದಿನಾರು ವರ್ಷಗಳು. ತಾಯ್ತಂದೆಗಳು ಈ ಲೆಕ್ಕವನ್ನು ದಯಮಾಡಿ ಗಮನಿಸಬೇಕು. ಹೆಣ್ಣುಮಗಳಿಗೆ ಬುದ್ಧಿಯಿಲ್ಲವೆಂದು ಈ ಕಾಲದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅವಳಿಗೆ ವರ್ಷಗಳನ್ನು ಕೊಡಲು ನಾವು ಹಿಂದೆಗೆಯುತ್ತೇವೆ.

ಹಿಂದಿನ ಕಾಲದಲ್ಲಿ ಬಾಗಿಲನ್ನು ಮುಚ್ಚಿದವರು ಹೊರಗಿನವರು. 1933ರಲ್ಲಿ ಕಮಲಾ ಭಾಗವತರೆಂಬ ತರುಣಿಯು ಇದೇ ವಿಜ್ಞಾನ ಮಂದಿರಕ್ಕೆ ಸೇರಬಯಸಿದಾಗ ಹೆಣ್ಣೆಂಬ ಕಾರಣದಿಂದ ಅವರನ್ನು ತೆಗೆದುಕೊಳ್ಳಲು ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್‌ರವರು ಮೊದಲು ಒಪ್ಪಲಿಲ್ಲ. ಕಮಲಾರವರು ಪಟ್ಟುಹಿಡಿದು ನಿಂತ ಮೇಲೆ ಒಂದು ವರ್ಷದ ಪರೀಕ್ಷೆಯ ಷರತ್ತಿನ ಮೇಲೆ ಪ್ರವೇಶವು ದೊರೆಯಿತು. ಅವರ ಕೆಲಸವನ್ನು ನೋಡಿದ ಮೇಲೆ ರಾಮನ್‌ರವರೇ ಮನಸ್ಸನ್ನು ಬದಲಿಸಿ ಇತರ ಹೆಣ್ಣುಮಕ್ಕಳಿಗೂ ಅಲ್ಲಿ ಅವಕಾಶವನ್ನು ಕೊಟ್ಟರು. ಕಮಲಾರವರು ಮುಂದೆ ಕೇಂಬ್ರಿಜ್ಜಿಗೆ ಹೋಗಿ, ಸೈಟೋಕ್ರೋಮ್ ಸಿ ಎಂಬ ವಸ್ತುವು ಆಲೂಗೆಡ್ಡೆಯಲ್ಲಿಯೂ, ಸಸ್ಯಗಳ ಕೋಶಗಳಲ್ಲೆಲ್ಲಾ ಇರುವುದನ್ನೂ ತೋರಿಸಿ, 1939ರಲ್ಲಿ ಡಾಕ್ಟರೇಟನ್ನು ಪಡೆದರು. ಕಮಲಾ ಸೊಹೋನಿ ಎಂಬುದು ಅವರ ಮದುವೆಯಾದ ಮೇಲಣ ಹೆಸರು. ನಾವು ಮೇಲೆ ವರ್ಣಿಸಿದ ಆ ತೆಳುಪೊರೆಯಲ್ಲಿ ಅನ್ನದ ಶಕ್ತಿಯನ್ನು ಕೈಯಿಂದ ಕೈಗೆ ದಾಟಿಸಿ, ಚಕ್ರವನ್ನು ತಿರುಗಿಸುವ ಕಣಗಳನ್ನು ಕೂಡಿಹಾಕುವ ಸರಪಣಿಯಲ್ಲಿ ಈ ಸೈಟೋಕ್ರೋಮ್ ಸಿ ಒಂದು ಕೊಂಡಿಯಾಗಿದೆ.

ಈಗ ಹೊರಗಿನ ಬಾಗಿಲು ತೆರೆದಿದೆ. ಒಳಗಿನ ಬಾಗಿಲಿನ ಮಾತೇ ಬೇರೆ. ಹತ್ತನೆಯ ತರಗತಿ ಮುಗಿಯುವ ಮುನ್ನವೇ ಹುಡುಗಿಯನ್ನು ಪ್ರವೇಶಪರೀಕ್ಷೆಯ ಪಾಠಕ್ಕೆ ಸೇರಿಸುತ್ತೇವೆ. ಅಲ್ಲಿ “ಹೇಗೆ?” ಎಂಬ ಪ್ರಶ್ನೆಗೆ ಹೊತ್ತಿಲ್ಲ, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದಕ್ಕೆ ಮಾತ್ರ ಹೊತ್ತು. ವೈದ್ಯಕ್ಕೋ ಇಂಜಿನಿಯರಿಂಗಿಗೋ ಜಾಗ ದೊರೆತರೆ ಸರಿ, ಇಲ್ಲವಾದರೆ ಬಿ.ಎಸ್‌ಸಿ. ಸೇರಿದವಳನ್ನು ಸೋತವಳೆಂಬಂತೆ ನೋಡುತ್ತೇವೆ. ಎಂ.ಎಸ್‌ಸಿ. ಮುಗಿಸಿ ಸಂಶೋಧನೆಗೆ ಹೋಗುತ್ತೇನೆಂದರೆ, “ಇನ್ನೆಷ್ಟು ವರ್ಷ?” ಎಂಬ ಪ್ರಶ್ನೆಯು ಅಜ್ಜಿಯಿಂದ ಮೊದಲುಗೊಂಡು ನೆರೆಮನೆಯವರ ವರೆಗೆ ಎಲ್ಲರ ಬಾಯಲ್ಲಿಯೂ ಬರುವುದು. ಹೀಗೆ ಕೇಳುವವರ ಭಯವು ಸುಳ್ಳೆಂದು ನಾವು ಹೇಳುವುದಿಲ್ಲ. ಸಂಶೋಧನೆಯಲ್ಲಿ ಸಂಬಳವು ತಡವಾಗಿ ಬರುವುದು; ವಿದ್ಯಾರ್ಥಿ ವೇತನವು ಅಲ್ಪ; ಎಲ್ಲರಿಗೂ ಕೊನೆಗೆ ತಕ್ಕ ಹುದ್ದೆಯು ದೊರೆಯುವುದೆಂಬ ಭರವಸೆಯಿಲ್ಲ. ಬಡ ಕುಟುಂಬದ ಹಿರಿಮಗಳಿಗೆ ಇದನ್ನು ಉಪದೇಶಿಸುವ ಮುನ್ನ ಯಾರಾದರೂ ಎರಡು ಸಲ ಯೋಚಿಸಬೇಕು. ಆದರೆ ಅನುಕೂಲವುಳ್ಳ ಮನೆಗಳೂ ಮಗನಿಗೆ ಕೊಡುವ ವರ್ಷಗಳನ್ನು ಮಗಳಿಗೆ ಎಣಿಸಿ ಎಣಿಸಿ ಕೊಡುತ್ತಿರುವುದನ್ನು ಕಂಡು ಸುಮ್ಮನಿರಲಾರೆವು.

ನಮ್ಮ ಮಿಷನ್ ಶಾಲೆಗಳನ್ನು ತೆರೆದ ಹಿರಿಯರು ಹೆಣ್ಣುಮಕ್ಕಳಿಗೆ ಎರಡು ದಾರಿಗಳನ್ನು ತೋರಿಸಿದರು: ಒಂದು ಪಾಠ ಹೇಳುವುದು, ಮತ್ತೊಂದು ರೋಗಿಗಳ ಶುಶ್ರೂಷೆ. ಆ ಕಾಲದಲ್ಲಿ ಅದಕ್ಕೂ ಧೈರ್ಯವು ಬೇಕಾಗಿತ್ತು. ಆ ಉಪಾಧ್ಯಾಯಿನಿಯರಿಗೂ ದಾದಿಯರಿಗೂ ಈ ನಗರದಲ್ಲಿ ಋಣಿಗಳಲ್ಲದವರು ಯಾರಿದ್ದಾರೆ? ಈಗ ಮೂರನೆಯ ದಾರಿಯೊಂದನ್ನು ಇವುಗಳ ಜೊತೆಗೆ ಎಣಿಸಬೇಕು. ಅದು ಶೋಧಿಸುವ ದಾರಿ. ದಾದಿಯು ರೋಗಿಯ ನಾಡಿಯನ್ನು ಹಿಡಿದು ಎಣಿಸುತ್ತಾಳೆ. ಆ ನಾಡಿಯನ್ನು ಮಿಡಿಸುವ ಮೋಟಾರುಗಳನ್ನು ಅರಿಯಹೊರಟವಳು ಅವಳ ತಂಗಿಯೇ ಹೊರತು ಪರಕೀಯಳಲ್ಲ.

ಇದಕ್ಕೆ ಶಾಲೆಯು ಮಾಡತಕ್ಕದ್ದು ದೊಡ್ಡ ವೆಚ್ಚದ ಕೆಲಸವಲ್ಲ. ಕುಕ್ಕರಹಳ್ಳಿ ಕೆರೆಯ ನೀರು ಬೆಲೆಯಿಲ್ಲದೆ ದೊರೆಯುವುದು. ಹೈಡ್ರಿಲ್ಲಾ ಗಿಡವು ಹೇಗೂ ಪ್ರಯೋಗಶಾಲೆಗೆ ಬರುತ್ತಲೇ ಇದೆ. ಆ ನೀರಿನ ಹನಿಯಲ್ಲಿ ಚಪ್ಪಲಿಯಾಕಾರದ ಪ್ಯಾರಮೀಸಿಯಮ್ ಎಂಬ ಜೀವಿಯು ಸಿಕ್ಕಿದರೆ, ಅದರ ಮೈಸುತ್ತಲೂ ಇರುವ ನವಿರುಗಳು ಬೀಸುವುದನ್ನು ನೋಡಬಹುದು. ಅವುಗಳನ್ನು ಬೀಸುವುದು ಡೈನೀನ್ ಎಂಬ ಮತ್ತೊಂದು ಅಣುಮೋಟಾರು. ಮೋಟಾರು ಕಣ್ಣಿಗೆ ಕಾಣದು, ಅದರ ಕೆಲಸವು ಕಾಣುವುದು. ಬೇಕಾದುದು ಹುಡುಗಿಯರು ಸರದಿಯಲ್ಲಿ ಒಂದೊಂದು ನಿಮಿಷ ಇಣುಕಿ ಸರಿಯದೆ, ಕುಳಿತು ಅರ್ಧ ಗಂಟೆ ನೋಡುವಷ್ಟು ಸೂಕ್ಷ್ಮದರ್ಶಕಗಳು. ನೋಡಿದುದನ್ನು ತಮ್ಮ ಮಾತಿನಲ್ಲಿ ಬರೆಯುವ ಒಂದು ಪುಸ್ತಕ. “ನನಗೂ ಗೊತ್ತಿಲ್ಲ, ಬಾ, ನೋಡೋಣ” ಎಂದು ಹೇಳಲು ನಾಚದ ಉಪಾಧ್ಯಾಯಿನಿ. ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಏನಾದರೂ ಕಾಣಿಕೆಯನ್ನು ಕೊಡಬೇಕೆಂದಿದ್ದರೆ, ಗೋಡೆಯ ಮೇಲೆ ಹೆಸರು ಕೆತ್ತಿದ ಕಲ್ಲಿಗಿಂತಲೂ ವೇದಿಕೆಯ ತೆರೆಗಿಂತಲೂ ಒಂದು ಒಳ್ಳೆಯ ಸೂಕ್ಷ್ಮದರ್ಶಕವು ಲೇಸೆಂದು ನಮ್ಮ ವಿಜ್ಞಾಪನೆ.

ತಾಯ್ತಂದೆಗಳಲ್ಲಿ ಬೇಡುವುದು ಇನ್ನೂ ಸ್ವಲ್ಪ. ಎಲ್ಲಾ ಹುಡುಗಿಯರೂ ವಿಜ್ಞಾನಿಗಳಾಗಬೇಕೆಂದು ನಾವು ಬಯಸುವುದಿಲ್ಲ, ಆಗುವುದೂ ಇಲ್ಲ. ಆದರೆ ಒಂದು ತರಗತಿಯಲ್ಲಿ ಒಬ್ಬಳಾದರೂ, ಗಂಟೆ ಬಾರಿಸಿದ ಮೇಲೂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದವಳು ಇರುತ್ತಾಳೆ. ಅವಳು ನಿಮ್ಮ ಮಗಳಾಗಿದ್ದರೆ, ಮನೆಗೆ ತಡವಾಗಿ ಬಂದಳೆಂದು ಗದರಿಸುವುದಕ್ಕೆ ಮುಂಚೆ ಏನು ಕಂಡೆಯೆಂದು ಕೇಳಿರಿ. ಮುಂದೆ ಅವಳು ಹದಿನಾರು ವರ್ಷಗಳನ್ನು ಕೇಳಿದರೆ ಒಂದೇ ಸಲ ಕೊಡಲಾರಿರಿ. ಈ ವರ್ಷವೊಂದನ್ನು ಕೊಡಿರಿ, ಬರುವ ವರ್ಷ ಮತ್ತೊಂದನ್ನು. ಕೈನೆಸಿನ್ನೂ ತನ್ನ ಹಾದಿಯನ್ನು ಒಂದೊಂದೇ ಹೆಜ್ಜೆಯಾಗಿ ಸವೆಸುತ್ತದೆ. ಪ್ರತಿ ಹೆಜ್ಜೆಗೂ ಅದಕ್ಕೆ ಬೇಕಾದ ಇಂಧನವನ್ನು ಯಾರೋ ಒದಗಿಸಿರುತ್ತಾರೆ.